ಕಸ್ತೂರಿಗೆ ನಾನು ತೊಡಿಸಿದ ಕಳ್ಳಕುಬಸ

ಗಿರಿಜಾ, ನಿನ್ನ ಅವ್ವ ಕಸ್ತೂರಿಗೆ ನಾಲ್ಕನೆಯ ಬಸಿರು ಬೇಡವಾಗಿತ್ತು. ಅದನ್ನು ತೆಗೆಸಿಕೊಳ್ಳಲು ಜೊತೆಗೆ ಬಾ ಎಂದು ನನ್ನನ್ನೇ ಕೇಳಿದ್ದಳು. ಬರುತ್ತೇನೆಂದು ಮಾತು ಕೊಟ್ಟು, ಅವಳು ಹೋಗದಂತೆ ಮಾಡಿದವಳು ನಾನು — ನಿನ್ನ ದೊಡ್ಡವ್ವ, ಬೆಟಗೇರಿ ಶಾಲೆಯ ಕನ್ನಡ ಟೀಚರು, ಸಭೆಗಳಲ್ಲಿ ಹಾರ ಹಾಕಿಸಿಕೊಳ್ಳುವವಳು. ಹತ್ತು ಹನ್ನೆರಡು ವರ್ಷ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ಎಲ್ಲಿಂದ ಹೇಳಲಿ — ಭಾಷಣದಿಂದಲೇ ಹೇಳಬೇಕು, ಹಾಳಾದ್ದು ಅಲ್ಲಿಂದಲೇ ಶುರುವಾಯಿತು. ಗರ್ಭಪಾತದ ಕಾಯ್ದೆ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಪೇಪರಿನಲ್ಲಿ ಅದೇ, ನಮ್ಮ ಸ್ಟಾಫ್ ರೂಮಿನಲ್ಲೂ ಅದೇ. ಗದಗಿನ ಮಹಿಳಾ ಮಂಡಳದವರು ಒಂದು ಚರ್ಚೆ ಇಟ್ಟರು. ಕಾಯ್ದೆಯ ಪರ ಒಬ್ಬ ಲೇಡಿ ಡಾಕ್ಟರು, ವಿರುದ್ಧ ನಾನು. ಜೀವ ಶುರುವಾಗುವುದು ಯಾವಾಗ? ಮೊದಲ ದಿನವೇ ಎಂದೆ. ಎರೆಹೊಲದಲ್ಲಿ ಬಿತ್ತಿದ ಜೋಳ ಮೊಳಕೆ ಕಾಣುವ ತನಕ ಜೋಳವಲ್ಲವೇ, ಕೂರಿಗೆಯ ಹಿಂದೆಯೇ ಬಂದು ಅದನ್ನು ಕೆದರಿ ತೆಗೆಯುವವನಿಗೆ ಏನೆನ್ನುತ್ತೀರಿ ಎಂದು ಕೈ ಎತ್ತಿ ಕೇಳಿದೆ. ಚಪ್ಪಾಳೆ — ಅಬ್ಬಾ, ಎಂಥ ಚಪ್ಪಾಳೆ! ಆ ಡಾಕ್ಟರು ಪಾಪ ಮೆಲ್ಲಗೆ ಮಾತಾಡಿದರು. ತಾಯಿಯ ಜೀವಕ್ಕೆ ಅಪಾಯವಿದ್ದರೆ ಕಾಯ್ದೆ ಒಪ್ಪುತ್ತದೆ, ವಯಸ್ಸಿಗೆ ಬಂದ ಹೆಂಗಸಾದರೆ ಗಂಡನ ಸಹಿ ಬೇಕಿಲ್ಲ, ಅವಳ ಒಪ್ಪಿಗೆ ಸಾಕು ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕ ಮಾತಾಡುವುದನ್ನು ಕೇಳಬೇಕೆಂದು ಹಿರೇವಡ್ಡಟ್ಟಿಯಿಂದ ಬಂದಿದ್ದ ನಿನ್ನ ಅವ್ವ ಹಿಂದಿನ ಸಾಲಿನಲ್ಲಿ ಕೂತಿದ್ದಳು.

ಅಂದು ಸಂಜೆ ಮನೆಯಲ್ಲಿ ನಾನು ಇನ್ನೂ ಆ ಚಪ್ಪಾಳೆಯ ಅಮಲಿನಲ್ಲೇ ಇದ್ದೆ. ಕಸ್ತೂರಿ ಕೇಳಿದಳು: "ಅಕ್ಕಾ, ಆ ಡಾಕ್ಟರಬಾಯಾರು ಹೇಳಿದ್ದು ಖರೆ ಏನು? ಗಂಡನ ಸಹಿ ಬ್ಯಾಡಂತ?"

ನನಗೆ ಉರಿಯಿತು. ಅಷ್ಟು ಹೊತ್ತು ನಾನು ಗಂಟಲು ಹರಿದುಕೊಂಡರೆ, ನನ್ನ ಒಡಹುಟ್ಟಿದವಳು ಹಿಡಿದುಕೊಂಡದ್ದು ಎದುರಾಳಿಯ ಒಂದು ಮಾತನ್ನು! ಆಮೇಲೆ ಅವಳು ಹೇಳಿದಳು — ಮುಟ್ಟು ನಿಂತು ಎರಡು ತಿಂಗಳಾಗಿದೆ ಎಂದು. ನಿನ್ನ ತಮ್ಮ ಬಸು ಹುಟ್ಟಿದಾಗ ರಕ್ತ ನಿಲ್ಲದೆ ಅವಳನ್ನು ಟ್ರ್ಯಾಕ್ಟರಿನಲ್ಲಿ ಮುಂಡರಗಿಗೆ ಒಯ್ದದ್ದು ನಿನಗೂ ನೆನಪಿರಬೇಕು. ಇನ್ನೊಂದು ಹೆರಿಗೆಯಾದರೆ ಜೀವಕ್ಕೆ ಖಾತ್ರಿಯಿಲ್ಲ ಎಂದು ಅಲ್ಲಿಯ ಡಾಕ್ಟರು ಆಗಲೇ ಹೇಳಿದ್ದರು, ಆಪರೇಷನ್ ಮಾಡಿಸಿ ಎಂದೂ ಹೇಳಿದ್ದರು. ನಿನ್ನ ಅಜ್ಜಿ ಕೇಳಲಿಲ್ಲ. ಎರಡು ಹೆಣ್ಣು, ಒಂದೇ ಗಂಡು. "ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ" ಎಂದುಬಿಟ್ಟರು. ನಿನ್ನ ಅಪ್ಪ ತಾಯಿಯ ಮಾತು ಮೀರುವವನಲ್ಲ.

"ನೀ ಹೇಳಿದ್ದು ಸುಳ್ಳು ಅನ್ನಂಗಿಲ್ಲ ಅಕ್ಕಾ," ಎಂದಳು. "ಅದೂ ಒಂದು ಜೀವ ಇರಬಹುದು. ಆದ್ರ ನಾ ಸತ್ತರ ಈ ಮೂರನ್ನ ಯಾರು ನೋಡ್ತಾರ? ಒಬ್ಬಾಕಿನ ಹೋಗಾಕ ನನಗ ಧೈರ್ಯ ಇಲ್ಲ. ನೀ ಬಾ, ಬಾಜೂಕ ಕುಂಡ್ರು. ಸಾಕು."

"ಆತು, ಬರೂ ಸೋಮವಾರ ಹೋಗೂಣು," ಎಂದೆ. ಅವಳು ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಮರುದಿನ ಊರಿಗೆ ಹೋದಳು.

ಆ ವಾರವೆಲ್ಲ ನನ್ನ ತಲೆಯಲ್ಲಿ ಓಡಿದ್ದೇನು? ಒಂದು ಜೀವ ಹೋಗುತ್ತದಲ್ಲ ಎಂಬ ಸಂಕಟ ಎಂದು ಬರೆದರೆ ನೀನು ಅರ್ಧವಾದರೂ ಕ್ಷಮಿಸೀಯೆ. ಆದರೆ ಅದು ನಿಜವಲ್ಲ. ಆ ಲೇಡಿ ಡಾಕ್ಟರ ಬಾಗಿಲಿನಲ್ಲಿ ನಾನು ತಂಗಿಯ ಕೈಹಿಡಿದು ನಿಂತದ್ದನ್ನು ಯಾರಾದರೂ ಕಂಡರೆ — ಸಭೆಯಲ್ಲಿ ಹಾಗೆ ಕೂಗಿದವಳು ಇವಳೇ ಅಲ್ಲವೇ ಎಂದು ನಕ್ಕರೆ — ಇಷ್ಟೇ. ಹುಬ್ಬಳ್ಳಿಗೆ ಕರೆದೊಯ್ಯಬಹುದಿತ್ತಲ್ಲ ಎಂದು ಈಗ ತಲೆ ಚಚ್ಚಿಕೊಳ್ಳುತ್ತೇನೆ. ಆಗಲೂ ಹೊಳೆದಿತ್ತು. ಹೊಳೆದದ್ದನ್ನು ನಾನೇ ಅದುಮಿದೆ. ಅಷ್ಟೊತ್ತಿಗೆ ನನಗೆ ಅದಕ್ಕಿಂತ ಸುಲಭದ ಇನ್ನೊಂದು ದಾರಿ ಸಿಕ್ಕಿತ್ತು.

ನಮ್ಮ ಕಡೆ ಮೂರನೆಯ ತಿಂಗಳಿಗೆ ತವರಿನವರು ಸದ್ದಿಲ್ಲದೆ ಹೋಗಿ ಬಸುರಿಗೆ ಹಸಿರು ಕುಬಸ ತೊಡಿಸಿ, ಉಡಿ ತುಂಬಿ ಬರುತ್ತಾರೆ. ಕಳ್ಳಕುಬಸ ಎನ್ನುತ್ತಾರೆ. ನಮ್ಮ ಅವ್ವ ಇರಲಿಲ್ಲ, ಹಾಗಾಗಿ ಆ ಹಕ್ಕು ನನ್ನದಾಗಿತ್ತು. ಭಾನುವಾರವೇ ಬೆಟಗೇರಿಯ ಒಳ್ಳೆಯ ಖಣದಲ್ಲಿ ಕುಬಸ ಹೊಲಿಸಿಕೊಂಡು, ಕರ್ಚಿಕಾಯಿ, ಹೋಳಿಗೆಯ ಬುತ್ತಿ ಕಟ್ಟಿಕೊಂಡು ಹಿರೇವಡ್ಡಟ್ಟಿಯ ಬಸ್ಸು ಹತ್ತಿದೆ.

ನಿನ್ನ ಅಜ್ಜಿಗೆ ಬಸಿರಿನ ಸುದ್ದಿ ತಿಳಿದದ್ದೇ ಆಗ, ನನ್ನ ಬಾಯಿಂದ; ಹಿಗ್ಗಿ ಹೀರೇಕಾಯಿಯಾದರು. ಕಳ್ಳಕುಬಸಕ್ಕೆ ಓಣಿಯವರನ್ನು ಕರೆಯುವ ಪದ್ಧತಿಯಿಲ್ಲ. ಕರೆಯಿರಿ ಎಂದವಳು ನಾನೇ. ಕಸ್ತೂರಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಮಣೆ, ಆರತಿ, ತುಂಬಿ ಕೂತ ಹೆಂಗಸರು, ನನ್ನ ಕೈಯಲ್ಲಿನ ಹಸಿರು ಕುಬಸ — ಎಲ್ಲವನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಕುಬಸದ ತೋಳು ಏರಿಸುವಾಗ ನನ್ನ ಕಿವಿಯಲ್ಲಿ, "ಅಕ್ಕಾ, ನಾಳೆ ಸೋಮವಾರ ಐತಲ್ಲ?" ಎಂದಳು.

ನಾನು ಎಲ್ಲರಿಗೂ ಕೇಳುವ ಹಾಗೆ ನಗುತ್ತಾ ಹೇಳಿದೆ: "ಬಸರಿ ಹೆಣ್ಮಗಳು ಕಣ್ಣಾಗ ನೀರು ತರಬಾರದು."

ಹೆಂಗಸರೆಲ್ಲ ನಕ್ಕರು. ಯಾರೋ ಸೋಬಾನೆ ಹಾಡಿದರು. ನೀನೂ ಅಲ್ಲೇ ಇದ್ದೆ, ಬಾಯಿ ತುಂಬ ಕರ್ಚಿಕಾಯಿ ತುಂಬಿಕೊಂಡು.

ಓಣಿಯೇ ಆರತಿ ಎತ್ತಿದ ಬಸಿರನ್ನು ಇನ್ನು ಯಾವ ಹೆಣ್ಣು, ಯಾವ ನೆಪ ಹೇಳಿ ತೆಗೆಸಿಕೊಂಡು ಬಂದಾಳು? ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ — ಬಿಡು, ಬೈದಿದ್ದರೂ ನಾನು ಇನ್ನೊಂದು ಭಾಷಣ ಮಾಡುತ್ತಿದ್ದೆ. ದಿನ ತುಂಬಿತು. ಮಲ್ಲು ಹುಟ್ಟಿದ. ಮತ್ತೆ ಅದೇ ರಕ್ತ, ಅದೇ ಟ್ರ್ಯಾಕ್ಟರು. ಮುಂಡರಗಿಯಲ್ಲಿ ಆಗುವುದಿಲ್ಲವೆಂದು ಗದಗಿಗೆ ತರುವಾಗ ದಾರಿಯಲ್ಲೇ ಹೋದಳು. ಮಣ್ಣು ಮಾಡಿ ಬಂದ ಮೇಲೆ ನಿನ್ನ ಅಜ್ಜಿ ನನ್ನ ಕೈಹಿಡಿದು, "ಅಕ್ಕ ಅಂದ್ರ ಹಿಂಗಿರಬೇಕವ್ವ, ತವರಿನ ಕೊರತಿ ಕಾಣಿಸಲಿಲ್ಲ ನೀ," ಎಂದು ಅತ್ತರು. ನಾನು ಆ ಹೊಗಳಿಕೆಯನ್ನೂ ತೆಗೆದುಕೊಂಡೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ನಿನ್ನ ಶಾಲೆ ನಿಂತಿತು. ಹತ್ತು ವರ್ಷದವಳು ಕಂಕುಳಲ್ಲಿ ಮಲ್ಲುವನ್ನು ಹೊತ್ತು ತಿರುಗಿದೆ. ಗಿರಿಜಾಳನ್ನು ನನ್ನ ಹತ್ತಿರ ಕಳಿಸಿ, ಓದಿಸುತ್ತೇನೆ ಎಂದು ಒಮ್ಮೆ ಕೇಳಿದೆ, ಮನೆಯವರು ಬೇಡವೆಂದರು. ಆಗ ನನಗೆ ದುಃಖಕ್ಕಿಂತ ಹೆಚ್ಚು ಸಮಾಧಾನವಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ದಿನವೂ ನಿನ್ನ ಮುಖ ನೋಡುವುದು ತಪ್ಪಿತಲ್ಲ!

ಮಲ್ಲು ನಕ್ಕಾಗಲೆಲ್ಲ, ನೋಡು, ನಿನ್ನ ಮಾತೇ ಗೆದ್ದಿತು ಎಂದು ನನ್ನೊಳಗೆ ಯಾರೋ ಹೇಳುತ್ತಾರೆ. ಆ ಬಾಯಿ ಮುಚ್ಚಿಸಲು ನನ್ನಿಂದ ಆಗಿಲ್ಲ. ಅವನು ಹುಟ್ಟಬಾರದಿತ್ತು ಎಂದು ನಾನು ಹೇಳುತ್ತಿಲ್ಲ — ಹಾಗೆ ಓದಿಕೊಳ್ಳಬೇಡ, ನಿನಗೆ ಕೈಮುಗಿಯುತ್ತೇನೆ. ಜೀವ ಯಾವಾಗ ಶುರುವಾಗುತ್ತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದೆ ಎಂದು ಕೂಗಿದೆನಲ್ಲ, ಅದಕ್ಕೇ ನನ್ನ ಮೇಲೆ ನನಗೆ ಸಿಟ್ಟು. ಅಂದು ವೇದಿಕೆಯ ಮೇಲಿದ್ದ ನಾವು ಒಬ್ಬರಾದರೂ ಹಿಂದಿನ ಸಾಲಿನ ಹೆಂಗಸರನ್ನು, ನಿಮಗೇನಾಗಬೇಕು ಎಂದು ಕೇಳಿದೆವೇ? ಈಗಲೂ ಅದೇ ವಾದ, ಅದೇ ಚಪ್ಪಾಳೆ. ಪೇಪರು ತೆರೆದರೆ ಹರಿದು ಎಸೆಯೋಣ ಎನಿಸುತ್ತದೆ. ಮಲ್ಲುವಿಗೆ ಇದನ್ನು ಹೇಳಬೇಕೋ ಬಿಡಬೇಕೋ — ನನಗೆ ತಿಳಿಯದು. ಅದನ್ನು ನಿನಗೆ ಬಿಟ್ಟಿದ್ದೇನೆ.

ಇಷ್ಟು ವರ್ಷ ನುಂಗಿಕೊಂಡದ್ದನ್ನು ಈಗ ಯಾಕೆ ಹೇಳಿದೆ? ಕಳೆದ ವಾರ ಲಕ್ಷ್ಮೇಶ್ವರದ ಗಂಡನ ಮನೆಯಿಂದ ಕೂಸನ್ನು ಕಟ್ಟಿಕೊಂಡು ಬಂದಿದ್ದೆಯಲ್ಲ, ಶೇಂಗಾ ಸುಲಿಯುತ್ತಾ ಪಡಸಾಲೆಯಲ್ಲಿ ಕೂತಿದ್ದೆವು. ನೀನು ತಲೆಯೆತ್ತದೆ ಹೇಳಿದೆ: "ಡಾಕ್ಟರು ಬ್ಯಾಡ ಅಂದಿದ್ರಂತ ದೊಡ್ಡವ್ವಾ. ಆದ್ರೂ ಹಡದ್ಲು. ನಾವು ಮೂರು ಮಂದಿ ಅದೀವಿ ಅನ್ನೂದು ಆಕಿಗೆ ನೆನಪ ಆಗಲಿಲ್ಲೇನು? ನನ್ನ ಕೂಸು ನೋಡಿದಾಗೆಲ್ಲ ಅವ್ವನ ಮ್ಯಾಲ ಸಿಟ್ಟ ಬರ್ತೈತಿ."

ಒಲೆಯ ಮೇಲೆ ಹಾಲಿದೆ ಎಂದು ನಾನು ಒಳಗೆ ಎದ್ದು ಹೋದೆ. ಹಾಲಿರಲಿಲ್ಲ.

ನೆನಪಿತ್ತು ಗಿರಿಜಾ. ನೀವು ಮೂವರೇ ನೆನಪಾಗಿ ಅವಳು ಹೆದರಿದ್ದಳು, ನಿಮಗಾಗಿಯೇ ನನ್ನ ಹತ್ತಿರ ಬಂದಿದ್ದಳು. ಅವ್ವನ ಮೇಲೆ ಇಷ್ಟು ದಿನ ಇಟ್ಟುಕೊಂಡ ಆ ಸಿಟ್ಟು ಅವಳದ್ದಲ್ಲ, ನನ್ನದು. ಬಂದು ನನಗೇ ಕೊಡು. ನಾನು ಮನೆಯಲ್ಲೇ ಇರುತ್ತೇನೆ, ಈ ಸಲ ಒಳಗೆ ಎದ್ದು ಹೋಗುವುದಿಲ್ಲ.