ಸಗಣಿ ನೆಲಕ್ಕೊಂದು ಮಷೀನು, ಅಂಗಡಿಯವನಿಗೊಂದು ಸೋಮವಾರ

ಜೋಯಿಡಾದ ಮನೆಗೆ ಕಾಲಿಟ್ಟ ದಿನ ಹತ್ತು ಹೆಜ್ಜೆಯೊಳಗೆ ನಾಲ್ಕು ನೆಲ ದಾಟಿದೆ, ಮೂರನೆಯದರ ಮೇಲೆ ಬಿದ್ದೆ.

ಪಡಸಾಲೆ ಸಗಣಿ ಸಾರಿಸಿದ್ದು. ಅದನ್ನು ಕಂಡು, ನಮ್ಮೂರೇ ಬಂತಲ್ಲ ಅಂತ ಜೀವ ತಂಪಾಯಿತು. ಅಡುಗೆಮನೆಗೆ ಉಬ್ಬುತಗ್ಗಿನ ಕರಿಗಲ್ಲು. ಮನೆಯ ಹಿಂಭಾಗದಲ್ಲಿ ಅತಿಥಿಗಳಿಗೆಂದು ಆಮೇಲೆ ಕಟ್ಟಿಸಿದ ಎರಡು ಕೋಣೆಗೆ ಮುಖ ಕಾಣುವಂಥ ಟೈಲ್ಸು. ಅಲ್ಲೇ ಹಿಮ್ಮಡಿ ಜಾರಿ ದಪ್ಪಂತ ಕುಂತೆ. ಮೇಲೆ ಅಟ್ಟ, ಅಟ್ಟಕ್ಕೆ ಹಲಗೆ, ಹಲಗೆಯ ಮೇಲೆ ಕುರಿಯ ಮೈಯಂಥ ದಪ್ಪ ಜಮಖಾನೆ. ಸಪ್ಪಳ ಕೇಳಿ ಬೇಲಿಯಾಚೆಯಿಂದ ಹೆಂಗಸೊಬ್ಬಳು ಓಡಿ ಬಂದು "ಪಡ್ಲಿ ಗೋ?" ಅಂದಳು. ಬಿದ್ದೆಯಾ ಅಂತ ಕೇಳಿದ್ದು. 'ಗೋ' ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ 'ಯವ್ವಾ' ಅಂತೇವಲ್ಲ, ಹಾಗೆ. ಅವಳು ಪಾರ್ವತಿಬಾಯಿ. ಜೋಯಿಡಾದಲ್ಲಿ ನಾನು ಕಲಿತ ಮೊದಲ ಕೊಂಕಣಿ ಮಾತು ನೆಲದ ಮೇಲೆ ಕುಂತೇ ಕಲಿತದ್ದು.

ನಮ್ಮದು ಹಳಿಯಾಳ ತಾಲೂಕಿನ ತೇರಗಾಂವ. ಅಲ್ಲಿಂದ ಜೋಯಿಡಾ ದೂರವೇನಲ್ಲ, ಎರಡು ಬಸ್ಸು ಬದಲಿಸಿದರೆ ಬಂತು. ಆದರೆ ದಾಂಡೇಲಿ ದಾಟಿದ ಮೇಲೆ ಬಸ್ಸಿನೊಳಗಿನ ಮಾತು ಬದಲಾಗುತ್ತದೆ, ಸಾರಿನ ವಾಸನೆ ಬದಲಾಗುತ್ತದೆ. ನಮ್ಮಲ್ಲಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ಬೆಳಗಾದರೆ ಇಲ್ಲಿ ತೆಂಗಿನಕಾಯಿ ತುರಿಯುವ ಸಪ್ಪಳಕ್ಕೆ. ನಮ್ಮದು ಲಿಂಗ ಕಟ್ಟಿದ ಮನೆ, ಮೀನಿನ ಬುಟ್ಟಿ ಬಂದಾಗಲೆಲ್ಲ ಸೆರಗು ಮೂಗಿಗೆ ಹೋಗುತ್ತಿತ್ತು. ಪಾರ್ವತಿಬಾಯಿ ಅದನ್ನು ನೋಡಿಯೂ ನೋಡದವಳಂತಿದ್ದು, ಮೀನು ಕೊಯ್ಯುವ ಜಾಗವನ್ನೇ ತನ್ನ ಮನೆಯ ಹಿಂದಕ್ಕೆ ಒಯ್ದಳು.

ಊರು ಬಿಟ್ಟದ್ದು ನಮ್ಮ ಮನೆಯವರ ಉಸಿರಿಗಾಗಿ. ಕಾಳು ಒಕ್ಕುವ ಮಷೀನಿನ ಮುಂದೆ ಅಷ್ಟು ವರ್ಷ ನಿಂತ ಎದೆ ಅದು. ಧೂಳು ತಾಗಿದರೆ ಸಾಕು, ಸೀಟಿ ಊದಿದ ಹಾಗೆ ಸಪ್ಪಳ. ನಕ್ಕರೂ ಕೆಮ್ಮು, ಅದಕ್ಕೇ ನಗುವುದನ್ನೇ ಬಿಟ್ಟಿದ್ದರು. ಕಾಡಿನ ಗಾಳಿ, ಹಗುರ ಕೆಲಸ ಅಂತ ಗೋವಾದವರೊಬ್ಬರ ಈ ಮನೆ ನೋಡಿಕೊಳ್ಳಲು ಬಂದೆವು. ಇಲ್ಲಿ ನೋಡಿದರೆ ಬ್ಯಾಸಿಗೆಯಲ್ಲಿ ಜೀಪು ಎಬ್ಬಿಸುವ ಕೆಂಪು ಧೂಳು, ಅತಿಥಿಗಳ ಬೂಟಿನಿಂದ ಉದುರುವ ಮಣ್ಣು, ಮೇಲಿಂದ ಜಂತಿಯ ಹುಳು ಉದುರಿಸುವ ಹಿಟ್ಟು. ಪೊರಕೆ ಎಳೆದರೆ ಅವರು ಅಂಗಳಕ್ಕೆ ಓಡಬೇಕು. ಡಾಕ್ಟರು ಖಡಕ್ಕಾಗಿ ಹೇಳಿದರು: "ಪೊರಕಿ ಬಂದ್ ಮಾಡ್ರಿ. ಧೂಳಿ ಎಳೆಯೂ ಮಷೀನ್ ತರ್ರಿ. ಇಲ್ಲಾಂದ್ರ ಆ ಮನಿ ಬಿಡ್ರಿ." ಬಿಟ್ಟು ಎಲ್ಲಿ ಹೋಗುವುದು? ಊರಿನಲ್ಲಿ ಇನ್ನೂ ಹೆಚ್ಚಿನ ಧೂಳು.

ಪಾರ್ವತಿಬಾಯಿಯನ್ನು ಜೊತೆ ಮಾಡಿಕೊಂಡು ದಾಂಡೇಲಿಗೆ ಹೋದೆ. ಅಲ್ಲಿ ಮಿಕ್ಸರು, ಟೀವಿ ಮಾರುವ ಒಂದು ಅಂಗಡಿ. ಅಂಗಡಿಯವ ಬಾಯಿ ತೆರೆದ ಕೂಡಲೇ ಗೊತ್ತಾಯಿತು, ಹಳಿಯಾಳ ಕಡೆಯವನು. "ಬರ್ರಿ ಅಕ್ಕಾರ, ಕುಂದರ್ರಿ, ಚಾ ತಗೋತೀರೇನು?" ತಿಂಗಳುಗಟ್ಟಲೆ ಬೇರೆ ಭಾಷೆ ಕೇಳಿದ ಕಿವಿಗೆ ಆ ಮಾತು ಬೆಲ್ಲದ ಹಾಗೆ ಹತ್ತಿತು. ನಾಲ್ಕು ತರಹದ ನೆಲ ಐತಿ ಅಂದೆ. ಬ್ಯಾಟರಿಯ, ಬಡಿಗೆಯಂಥ ಸಣ್ಣ ಮಷೀನು ಕೈಗಿಟ್ಟ. "ಯಾವ ನೆಲ ಇರ್ಲಿ ಅಕ್ಕಾರ, ಕಣ್ಣ ಮುಚ್ಚಿ ಹೊಡೀರಿ." ನಮ್ಮವನೇ ಹೇಳಿದ ಮೇಲೆ ಮತ್ತೇನು? ಕಣ್ಣು ಮುಚ್ಚಿ ತಂದೆ.

ಹದಿನೈದು ದಿನ ನಡೆಯಿತು. ಟೈಲ್ಸಿನ ಮೇಲೆ ಹಂಸದ ಹಾಗೆ ಹೋಗುತ್ತಿತ್ತು. ಜಮಖಾನೆಯ ಮೇಲೆ ಏರಿದರೆ ಬಡವ ಗುಡ್ಡ ಹತ್ತಿದ ಹಾಗೆ ಏದುಸಿರು. ಸಗಣಿ ನೆಲದ ಮೇಲೆ ಅದರ ಗರಗರ ತಿರುಗುವ ಬ್ರಷ್ಷು ಕೋಳಿ ಕೆದರಿದ ಹಾಗೆ ಕೆದರಿತು. ಒಂದು ಮಂಗಳವಾರ ಮುಂಜಾನೆ ಗೊರ್ ಅಂದು ಸತ್ತಿತು.

ಮತ್ತೆ ದಾಂಡೇಲಿ. ಅಂಗಡಿ ತುಂಬ ಜನ. ಅವ ಮಷೀನು ಮೂಸಿ ನೋಡಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದ: "ಶಗಣಿ ನೆಲಕ್ಕ ಹೊಡದೀರೇನ? ಅಯ್ಯ ಶಿವನ! ನಿಮ್ಮಂಥಾರಿಗೆ ಮಷೀನ್ ಯಾಕ ಬೇಕ್ರಿ? ಎಮ್ಮಿ ಬಾಲಕ್ಕ ಪೊರಕಿ ಕಟ್ಟಿ ಮನ್ಯಾಗ ಬಿಡ್ರಿ, ಸಾರಸೂದೂ ಅದ, ಕಸಾ ಹೊಡಿಯೂದೂ ಅದ!"

ಅಂಗಡಿಗೆ ಅಂಗಡಿಯೇ ನಕ್ಕಿತು.

ಜೋಯಿಡಾದಲ್ಲಿ ನಾನು ಎಷ್ಟು ಸಲ ತಪ್ಪು ಕೊಂಕಣಿ ಆಡಿಲ್ಲ! ಯಾರೂ ನಕ್ಕಿರಲಿಲ್ಲ. ನನ್ನ ಭಾಷೆಯವನೇ, ಸಗಣಿ ನೆಲದ ಮೇಲೆ ಅಂಬೆಗಾಲಿಟ್ಟವನೇ ನಕ್ಕ. ಬಸ್ಸಿನಲ್ಲಿ ಕಣ್ಣೀರು ಬರಲಿಲ್ಲ, ಬಂದದ್ದು ಸಿಟ್ಟು. ಪಾರ್ವತಿಬಾಯಿಗೆ ಅವನ ಕನ್ನಡ ಅರ್ಧ ತಿಳಿದಿರಲಿಲ್ಲ, ನಗು ಪೂರ್ತಿ ತಿಳಿದಿತ್ತು. ನನ್ನ ಕೈ ಹಿಚುಕಿ "ಸೋಡ್ ನಾಕಾ ಗೋ" ಅಂದಳು. ಬಿಡಬ್ಯಾಡ. ನಮ್ಮಜ್ಜಿ ಇದ್ದಿದ್ದರೂ ಅದನ್ನೇ ಅನ್ನುತ್ತಿದ್ದಳು: "ಬೈದಾಂವನ್ನ ಮರೀಬಹುದವ್ವಾ, ನಾಕ ಮಂದ್ಯಾಗ ನಕ್ಕಾಂವನ್ನ ಮರೀಬಾರದು."

ಸತ್ತ ಮಷೀನು ಹೊತ್ತು ಇಂದೂರಿಗೆ ಹೋದೆ, ನನ್ನ ತಂಗಿ ಶಾಂತಾಳ ಮನೆಗೆ. ಇಂದೂರು ಮುಂಡಗೋಡ ತಾಲೂಕಿನ ಹಳ್ಳಿ. ಅವಳು ಮುಂಡಗೋಡದ ಟಿಬೆಟನ್ ಕ್ಯಾಂಪಿನ ಒಂದು ಅತಿಥಿಗೃಹದಲ್ಲಿ ನೆಲ ಸ್ವಚ್ಛ ಮಾಡುವ ಕೆಲಸಕ್ಕಿದ್ದಾಳೆ. ಅಲ್ಲಿ ಉಣ್ಣೆಯ ಗಾಲೀಚೆ, ಹಲಗೆ, ಕಲ್ಲು, ಟೈಲ್ಸು ಎಲ್ಲ ಇವೆ. ಮಷೀನಿನ ವಿಷಯದಲ್ಲಿ ಅವಳು ಪಂಡಿತೆ. ಸ್ಕ್ರೂ ಬಿಚ್ಚಿ ಒಳಗೆ ಇಣುಕಿ ನೋಡಿದವಳೇ ಹೊಟ್ಟೆ ಹಿಡಿದುಕೊಂಡಳು.

"ಅಕ್ಕಾ, ಮಷೀನ್ನ್ಯಾಗ ಕುಳ್ಳು ತಟ್ಟೀಯಲ್ಲ!"

ಖರೆ. ಒಳಗೆ ಅಂಗೈಯಗಲದ ಹಸಿರು ಕುಳ್ಳು, ಬೆರಣಿಯ ಹಾಗೇ ಒಣಗಿ ಗಟ್ಟಿಯಾಗಿತ್ತು. ನಮ್ಮಲ್ಲಿ ಸೋಮವಾರ ಅಂದರೆ ನೆಲ ಸಾರಿಸಲೇಬೇಕು, ಶಿವನ ವಾರ. ನಾನು ಸೋಮವಾರ ಸಾರಿಸಿ ಮಂಗಳವಾರ ಮಷೀನು ಹಚ್ಚುತ್ತಿದ್ದೆ. ತೇರಗಾಂವದ ಬಿಸಿಲಿಗೆ ಸಾರಿಸಿದ ನೆಲ ಊಟದ ಹೊತ್ತಿಗೆ ಒಣಗುತ್ತದೆ. ಜೋಯಿಡಾದ ಮರದ ನೆರಳಿನಲ್ಲಿ ಒಂದು ದಿನವಾದರೂ ಒಳಗಿನ ಪಸೆ ಆರುವುದಿಲ್ಲ. ಊರಿನ ಲೆಕ್ಕ ಹಿಡಿದು ಕಾಡಿನ ನೆಲ ಎಳೆದಿದ್ದೆ.

"ಅಂದ್ರ ತಪ್ಪು ನಂದ ಆತಲ್ಲ," ಅಂದೆ.

"ತಪ್ಪು ನಿಂದು," ಅಂದಳು ಶಾಂತಾ. "ಆದ್ರ ನಗು ಅಂವಂದು. ಹಸಿ ನೆಲಕ್ಕ ಹಚ್ಚಬ್ಯಾಡ್ರಿ ಅಂತ ಒಂದು ಮಾತು ಹೇಳಾಕ ಅವನ ಬಾಯಾಗ ಏನು ಹೋಳಿಗಿ ಇತ್ತೇನು?"

ಅಂದಿನಿಂದ ಸೇಡು ನಗುವಿನ ಮೇಲಷ್ಟೇ ಅಂತ ಗೊತ್ತು ಮಾಡಿಕೊಂಡೆ. ಶಾಂತಾಳ ಹಿಂದೆ ಮೂರು ದಿನ ಸುತ್ತಿ ಕಲಿತೆ. ಆಮೇಲೆ ನಾನು ತಂದ ಮಷೀನಿನ ಕಂಪನಿ ಹೆಸರು ನಿಮಗೂ ಹೇಳುವುದಿಲ್ಲ, ಯಾಕೆಂಬುದು ಮುಂದೆ ತಿಳಿಯುತ್ತದೆ. ಲಕ್ಷಣ ಹೇಳುತ್ತೇನೆ, ಎಮ್ಮೆ ಕೊಳ್ಳುವಾಗ ನೋಡುವ ಹಾಗೆ ನೋಡಬೇಕು.

ಚೆಲುವು ನೋಡಬಾರದು. ಕೊಡದಂತೆ ಹೊಟ್ಟೆ, ಕೆಳಗೆ ಗಾಲಿ, ವೈರಿನದೇ ಆಗಬೇಕು. ಬ್ಯಾಟರಿ ಎರಡು ವರ್ಷಕ್ಕೆ ಮುದಿಯಾಗುತ್ತದೆ. ವೈರಿನದಾದರೆ ಕರೆಂಟು ಬರುವ ತನಕ ಕಾಯಬೇಕು, ಅಷ್ಟೇ. ಕಾಳಿ ನದಿಗೆ ಅಷ್ಟು ಅಣೆಕಟ್ಟು ಕಟ್ಟಿ, ಅಂಬಿಕಾನಗರದಲ್ಲಿ ಕರೆಂಟಿನವರ ಒಂದು ಕಾಲನಿಯನ್ನೇ ಕೂರಿಸಿದ ಸೀಮೆಯಲ್ಲಿ ನಾವು ಕರೆಂಟಿಗೆ ಕಾಯುತ್ತೇವೆ, ಅದು ಬೇರೆ ಕಥೆ. ಧೂಳು ತುಂಬಲು ಪ್ಲಾಸ್ಟಿಕ್ ಲೋಟವಲ್ಲ, ಚೀಲ ಇರಬೇಕು. ಲೋಟ ಬಗ್ಗಿಸುವಾಗ ಅರ್ಧ ಧೂಳು ಮತ್ತೆ ಮೂಗಿಗೇ ಬರುತ್ತದೆ. ಕೊಳವೆ ಕಬ್ಬಿಣದ್ದಿರಲಿ. ಮೂತಿಗೆ ಕಾಲಿನಿಂದ ಒತ್ತುವ ಗುಂಡಿ ಬೇಕು: ಒತ್ತಿದರೆ ಬ್ರಷ್ಷಿನ ಕೂದಲು ಹೊರಗೆ ಬಂದು ಹಲಗೆ, ಟೈಲ್ಸಿಗೆ ಗೀರು ಬೀಳದಂತೆ ಕಾಯುತ್ತದೆ, ಮತ್ತೆ ಒತ್ತಿದರೆ ಒಳಗೆ ಸರಿದು ಜಮಖಾನೆಗೆ ಗಟ್ಟಿಯಾಗಿ ಅಂಟುತ್ತದೆ. ಹಿಡಿಕೆಯಲ್ಲಿ ಗಾಳಿ ಬಿಡುವ ಒಂದು ಸಣ್ಣ ಕಿಂಡಿ ಇರಲೇಬೇಕು. ಸಗಣಿ ನೆಲದ ಮೇಲೆ ಆ ಕಿಂಡಿ ತೆರೆದು, ಬ್ರಷ್ಷು ತೆಗೆದು, ಕೊಳವೆಯ ಬರೀ ಬಾಯಿಂದ, ಮಗುವಿನ ಮುಖಕ್ಕೆ ಉಫ್ ಅಂದ ಹಾಗೆ ಮೆಲ್ಲಗೆ ಹೋಗಬೇಕು. ಕೊನೆಗೆ, ಅದರ ಮುಚ್ಚಳ ಸ್ಕ್ರೂವಿನಿಂದ ಬಿಚ್ಚುವಂಥದ್ದಿರಬೇಕು, ಚೀಲ, ಮೋಟರಿನ ಕಾರ್ಬನ್ನು, ಪೈಪು ಹತ್ತಿರದ ಊರಲ್ಲಿ ಸಿಗಬೇಕು. ಬಿಚ್ಚಲಾಗದ್ದು ಬಾಳುವುದಿಲ್ಲ.

ಅಂಥದೊಂದು ಮುಂಡಗೋಡದಲ್ಲಿ ಸಿಕ್ಕಿತು. ಸೋಮವಾರ ಸಾರಿಸುವುದು, ಬುಧವಾರದ ತನಕ ಮಷೀನು ಮುಟ್ಟದಿರುವುದು ಅಂತ ಹೊಸ ಕಟ್ಟಳೆ ಮಾಡಿದೆ. ಮಳೆಗಾಲ ಕಳೆಯಿತು, ಬ್ಯಾಸಿಗೆ ಬಂತು, ಮಷೀನಿಗೆ ಏನೂ ಆಗಲಿಲ್ಲ. ಮನೆಯವರ ಎದೆಯ ಸೀಟಿ ದಿನದಿನಕ್ಕೆ ಸಣ್ಣದಾಯಿತು. ಅಲ್ಲಿಗೆ ಸುಮ್ಮನಾಗಬಹುದಿತ್ತು. ಆಗಲಿಲ್ಲ. ಮಷೀನು ಎಳೆಯುವಾಗಲೆಲ್ಲ ಅದರ ಸಪ್ಪಳದಲ್ಲಿ ಆ ಅಂಗಡಿಯ ನಗು ಕೇಳುತ್ತಿತ್ತು.

ಸಂತೆಯ ದಿನ ನೋಡಿಯೇ ದಾಂಡೇಲಿಗೆ ಹೊರಟೆ, ಮಷೀನು ಬಗಲಲ್ಲಿಟ್ಟುಕೊಂಡು. ಪಾರ್ವತಿಬಾಯಿ ಪೈಪು ಹಿಡಿದಳು. ಕಂಡಕ್ಟರು ನೋಡಿ, "ಅಕ್ಕಾರ, ಈ ಕೂಸಿಗೆ ಹಾಫ್ ಟಿಕೇಟ್ ತಗೀಲ್ಯೋ ಫುಲ್ಲೋ?" ಅಂದ.

ಅಂಗಡಿ ತುಂಬಿತ್ತು. ಬಾಗಿಲಿಗೆ ಕೆಂಪು ಗಾಲೀಚೆ ಹಾಸಿದ್ದ. "ಪ್ಲಗ್ ಎಲ್ಲೈತ್ರಿ?" ಅಂದೆ. ಗುರುತು ಹಿಡಿದು ಮುಸಿಮುಸಿ ನಗುತ್ತ ತೋರಿಸಿದ. ಗುಂಡಿ ಒತ್ತಿ ಗಾಲೀಚೆಯ ಮೇಲೆ ಆರು ಸಲ ಎಳೆದೆ. ಒಂದು ಪಟ್ಟಿ ಮದುವೆಯ ಸೀರೆಯ ಹಾಗೆ ಕೆಂಪಗಾಯಿತು. ಆಗ ಎಲ್ಲರಿಗೂ ತಿಳಿಯಿತು, ಉಳಿದದ್ದು ಕೆಂಪಲ್ಲ ಅಂತ. ಅವನ ಗಾಜಿನ ಟೇಬಲ್ಲಿನ ಮೇಲೆ ಪೇಪರು ಹಾಸಿ, ಹೊಸದಾಗಿ ಹಾಕಿಕೊಂಡು ಬಂದಿದ್ದ ಚೀಲ ಬಗ್ಗಿಸಿದೆ. ಕೂದಲು, ಗುಟಕಾ ಚೀಟಿಯ ಚೂರು, ಯಾರದೋ ಉಗುರು, ಒಂದು ಬೊಗಸೆ ಮಣ್ಣು.

"ನನ್ನ ನೆಲ ಶಗಣೀದು, ಖರೆ," ಅಂದೆ. "ವಾರಕ್ಕೊಮ್ಮೆ ಸಾರಸ್ತೇನಿ. ನಿನ್ನ ಹೊಲಸು ನೀ ಯಾವಾಗ ತಗದಿದ್ದೀಯಪಾ? ಎಮ್ಮಿ ಬೇಕಾದ್ರ ಹೇಳು, ಬಾಲಕ್ಕ ಪೊರಕಿ ಕಟ್ಟಿ ಕಳಸ್ತೇನಿ."

ಈ ಸಲವೂ ಅಂಗಡಿಗೆ ಅಂಗಡಿಯೇ ನಕ್ಕಿತು. ಆ ನಗು ನನ್ನದಾಗಿತ್ತು.

ಮೂಲೆಯ ಕುರ್ಚಿಯಿಂದ ಒಂದು ಮುದಿ ದನಿ ಬಂತು. "ಯಾವೂರಾಕಿ ನೀ?" ಅವನ ತಾಯಿ.

"ತೇರಗಾಂವರೀ ಯವ್ವಾ. ಈಗ ಜೋಯಿಡಾ."

"ಸೋಮವಾರ ಸಾರಸ್ತೀಯೇನು?" ಮುದುಕಿಯ ಕಣ್ಣು ಅರಳಿದವು. "ನನ್ನ ಮಗನ ಮನಿ ತುಂಬ ಟೈಲ್ಸ್ ಐತವ್ವಾ. ಮೊಣಕಾಲು ಹಿಡಕೋತಾವ. ಸಾರಿಸಿದ ನೆಲದ ಮ್ಯಾಲ ಕುಂತು ಎಷ್ಟು ವರ್ಷಾತೋ. ಒಮ್ಮೆ ಬಂದು ಕುಂದರಲ್ಯಾ?"

ಬಾಗಿ ಮುದುಕಿಯ ಮೊಣಕಾಲು ಮುಟ್ಟಿದೆ. ಆದರೆ ಸೇಡಿಗೆ ಇಂಥ ಅವಕಾಶ ಮತ್ತೆ ಬರುವುದಿಲ್ಲ. "ಬರ್ರಿ ಯವ್ವಾ. ಸೋಮವಾರ ಬರ್ರಿ. ಮಗನ್ನ ಕರಕೊಂಡ ಬರ್ರಿ. ಅವತ್ತು ನಾ ಸಾರಸಂಗಿಲ್ಲ."

ಅರ್ಥ ತಾಯಿಗೂ ಆಯಿತು, ಮಗನಿಗೂ ಆಯಿತು. "ಅವ್ವಾ, ಅಂಗಡಿ..." ಅಂದ. "ಅಂಗಡಿಗೆ ಬೆಂಕಿ ಹತ್ತಲಿ, ನಡಿ," ಅಂದಳು ಮುದುಕಿ.

ಬಂದರು. ಕಾರು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ಪಾರ್ವತಿಬಾಯಿ ತನ್ನ ಎಮ್ಮೆಯ ಬಿಸಿ ಸಗಣಿಯನ್ನೇ ಬಕೆಟ್ಟಿಗೆ ಹಾಕಿ ತಂದಿದ್ದಳು. ಅವ ಪ್ಯಾಂಟು ಮಡಚಿ, ಅವಳು ಕೊಟ್ಟ ಅಡಿಕೆ ಹಾಳೆಯ ತುಂಡು ಹಿಡಿದು ಕೈ ಅದ್ದಿ, ಮುಖ ಆಚೆ ತಿರುಗಿಸಿದ. ಕಟ್ಟೆಯ ಮೇಲೆ ಕುಂತಿದ್ದ ನಮ್ಮ ಮನೆಯವರು ಅದನ್ನು ನೋಡಿ ಗಹಗಹಿಸಿ ನಕ್ಕರು. ನಾನು ಕೆಮ್ಮಿಗಾಗಿ ಕಿವಿಗೊಟ್ಟು ನಿಂತೆ. ಕೆಮ್ಮು ಬರಲಿಲ್ಲ. ಇನ್ನೊಮ್ಮೆ ನಕ್ಕರು. ಬರಲಿಲ್ಲ.

ಆಗ ಮುದುಕಿ, ಹೋದ ಸೋಮವಾರ ನಾನು ಸಾರಿಸಿ ಒಣಗಿದ್ದ ನೆಲದ ಮೇಲೆ ಬೆರಳಾಡಿಸಿ ಹುಬ್ಬು ಗಂಟಿಕ್ಕಿದಳು. "ಇದು ನಮ್ಮ ಕೈ ಅಲ್ಲಲ್ಲವ್ವಾ."

ನಾನು ಕೆಳಗೆ ನೋಡಿದೆ. ನೆಲದ ತುಂಬ ಉದ್ದುದ್ದ ನೆಟ್ಟನೆಯ ಗೆರೆ. ತೇರಗಾಂವದಲ್ಲಿ ಬರಿಗೈಯಿಂದ ಅರ್ಧ ಚಂದ್ರ, ಅರ್ಧ ಚಂದ್ರ ಬರುವ ಹಾಗೆ ಸಾರಿಸುತ್ತೇವೆ. ಇಲ್ಲಿ ಅಡಿಕೆ ಹಾಳೆಯ ತುಂಡಿನಿಂದ ಸೀದಾ ಎಳೆಯುತ್ತಾರೆ. ಪಾರ್ವತಿಬಾಯಿ ಯಾವಾಗಲೋ ನನ್ನ ಕೈಗೆ ಹಾಳೆ ಕೊಟ್ಟಿದ್ದಳು, ನನ್ನ ಕೈ ಯಾವಾಗಲೋ ಬದಲಾಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

"ತಮ್ಮಾ, ಹಾಳಿ ಬಿಡು. ಕೈ ತಿರುವು. ಚಂದ್ರಾಮನಂಗ," ಅಂದಳು ತಾಯಿ. ಅವ ತಿರುವಿದ. ಮೊದಲು ಸೊಟ್ಟ, ಆಮೇಲೆ ಸುಮಾರು, ಆಮೇಲೆ ನಮ್ಮಜ್ಜಿಯ ಕೈಯೇ. ಮೂಲೆಯಲ್ಲಿ ಒಂದು ಚಾಪೆಯಗಲ ಸಾರಿಸಿ ಎದ್ದ, ಬೆವರು ಒರೆಸಿಕೊಳ್ಳಲು ಹೋಗಿ ಹಣೆಗೆಲ್ಲ ಸಗಣಿ. ಹೋಗುವಾಗ ದನಿ ತಗ್ಗಿಸಿ ಕೇಳಿದ: "ಅಕ್ಕಾರ, ಆ ಮಷೀನ್ ಯಾವ ಕಂಪನೀದ್ರಿ? ಅಂಗಡ್ಯಾಗ ಇಡ್ತೇನಿ."

ಹೇಳಲಿಲ್ಲ. ಇಂದಿಗೂ ಹೇಳಿಲ್ಲ. ಸುತ್ತಲಿನ ಹೋಂಸ್ಟೇಯವರು ಬಂದು ಕೇಳಿದರೆ ಕಿವಿಯಲ್ಲಿ ಹೇಳಿ ಮುಂಡಗೋಡಕ್ಕೆ ಕಳಿಸುತ್ತೇನೆ.

ಮೊನ್ನೆ ಊರಿಗೆ ಹೋಗಿದ್ದೆ. ಅಣ್ಣನ ಮನೆಗೂ ಟೈಲ್ಸು ಬಂದಿದೆ. ಅತ್ತಿಗೆ "ಇನ್ನೂ ಶಗಣಿ ಸಾರಸ್ತೀಯೇನು? ಪಕ್ಕಾ ಜೋಯಿಡಾದಾಕಿ ಆದಿ ಬಿಡು" ಅಂದಳು. ಜೋಯಿಡಾದಲ್ಲಿ ಪಾರ್ವತಿಬಾಯಿ ನನ್ನನ್ನು ಇವತ್ತಿಗೂ 'ತೇರಗಾಂವ್ಚಿ', ತೇರಗಾಂವದವಳು, ಅಂತಲೇ ಕರೆಯುತ್ತಾಳೆ.

ಪ್ರತಿ ಸೋಮವಾರ ಸಾರಿಸುತ್ತೇನೆ, ಹಾಳೆ ಹಿಡಿದು, ನೆಟ್ಟಗೆ. ಆ ಮೂಲೆಯೊಂದನ್ನು ಬಿಡುತ್ತೇನೆ. ಬುಧವಾರ ಮಷೀನಿನ ಬಾಯಿ ಅಲ್ಲಿಗೆ ಬಂದಾಗ ಎತ್ತಿ ಹಿಡಿದು ದಾಟಿಸುತ್ತೇನೆ. ಮನೆಯವರು "ಅವನ ಸೊಕ್ಕು ಮುರಿದ ಗುರ್ತು ಅಂತ ಇಟ್ಟೀಯೇನು?" ಅಂತ ಕೇಳುತ್ತಾರೆ. ಹೌದು ಅನ್ನುತ್ತೇನೆ. ಅರ್ಧ ಖರೆ. ಈ ಮನೆಯಲ್ಲಿ ನಮ್ಮೂರು ಉಳಿದದ್ದು ಅಷ್ಟೇ ಜಾಗ, ಅದನ್ನೂ ನನ್ನ ವೈರಿಯೇ ಸಾರಿಸಿ ಹೋಗಿದ್ದಾನೆ.