ಕೆಎ ಪ್ಲೇಟಿನವನ ಭಾಷಣ

ಚೆನ್ನೈನಲ್ಲಿ ಕೆಎ ಗಾಡಿ ಓಡಿಸುವ ಮಿತ್ರರೇ, ಇವತ್ತು ಬೆಳಿಗ್ಗೆ ಪೆರುಂಗುಡಿಯಲ್ಲಿ ನನ್ನ ಕಾರನ್ನೂ ಪೊಲೀಸರು ನಿಲ್ಲಿಸಿದರು. ಪಕ್ಕದ ಸೀಟಿನಲ್ಲಿ ನಮ್ಮ ಟೀಮ್ ಲೀಡ್ ತೋಂಬಾ ಇದ್ದ. ಮಣಿಪುರದವನು, ಮೈಸೂರಿನಲ್ಲಿ ಓದಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತದೆ.

"ನೋಡಿದ್ಯಾ? ಟಿಎನ್ ಗಾಡಿಗಳನ್ನೆಲ್ಲ ಬಿಟ್ಟು ನಮ್ಮನ್ನೇ ಹಿಡಿದ್ರು," ಎಂದು ಅವನಿಗೆ ಭಾಷಣ ಶುರು ಮಾಡಿದೆ. "ಅಮೆರಿಕದ ಕೆಲವು ರಾಜ್ಯಗಳಲ್ಲಿ ಯಾರನ್ನ ನಿಲ್ಸಿದ್ರು, ಯಾಕೆ ನಿಲ್ಸಿದ್ರು ಅಂತ ಪೊಲೀಸರು ಬರೆದಿಡಲೇಬೇಕು. ಜನಾಂಗ ನೋಡಿ ಹಿಡೀತಿದಾರಾ ಅಂತ ಗೊತ್ತಾಗ್ಲಿ ಅಂತಾನೇ ಆ ಕಾನೂನು. ಇಲ್ಲೂ ಬರಬೇಕು ಕಣೋ."

ಅಷ್ಟರಲ್ಲಿ ಎಸ್‌ಐ ಬಂದರು. ಆರ್‌ಸಿ, ಲೈಸೆನ್ಸ್ ನೋಡಿ "ಓಕೆ ಸಾರ್" ಎಂದರು. ಆಮೇಲೆ ಬಗ್ಗಿ ತೋಂಬಾನ ಮುಖ ನೋಡಿದರು.

"ಎಂದ ಊರು? ಆಧಾರ್ ಕಾಟ್ಟುಂಗ." ಯಾವ ಊರು, ಆಧಾರ್ ತೋರಿಸಿ ಅಂತ.

ನನ್ನ ಆಧಾರ್ ಅವರು ಕೇಳಿರಲೇ ಇಲ್ಲ.

ಯಾಕೆ ಎಂದು ಕೇಳಬೇಕಾದವನು ನಾನು. ಕೇಳಲಿಲ್ಲ. ಹಲ್ಲು ಕಿರಿದು, "ನಮ್ಮ ಆಫೀಸ್ ಸಾರ್, ರೊಂಬ ನಲ್ಲ ಪೈಯನ್," ಎಂದುಬಿಟ್ಟೆ. ನನ್ನ ರಜೆ ಮಂಜೂರು ಮಾಡುವವನಿಗೇ 'ತುಂಬಾ ಒಳ್ಳೆ ಹುಡುಗ' ಎಂದು ನಾನು ಸರ್ಟಿಫಿಕೇಟ್ ಕೊಟ್ಟೆ! ಎಸ್‌ಐ ಆಧಾರ್ ನೋಡದೆಯೇ ಕೈಬೀಸಿ ಕಳಿಸಿದರು.

ಆಫೀಸಿನ ಮುಂದೆ ಕಾರು ನಿಲ್ಲಿಸಿದೆ. ಇಳಿಯುವಾಗ ತೋಂಬಾ ನಗುತ್ತಲೇ ಹೇಳಿದ: "ನಿನ್ನ ಕಾರಿಗೆ ಆರ್‌ಸಿ ಸಾಕಾಯ್ತು. ನನಗೆ ನೀನೇ ಬೇಕಾಯ್ತು ನೋಡು."

ಅಂದ ಹಾಗೆ, ನನ್ನ ಪ್ಲೇಟನ್ನು ಯಾವತ್ತು ಬೇಕಾದರೂ ಟಿಎನ್ ಮಾಡಿಸಬಹುದು. ಇಲ್ಲಿನ ರಸ್ತೆ ತೆರಿಗೆ ಉಳಿಯಲಿ ಎಂದು ಬಿಟ್ಟಿದ್ದೇನೆ, ಅಷ್ಟೆ.