ಜಡ್ಜಮ್ಮನ ಅರ್ಧ ಮಾತು

ನ್ಯಾಯಮೂರ್ತಿಗಳೇ, ಆ ವಿಡಿಯೊ ಕತ್ತರಿಸಿದವಳು ನಾನು. ಹೆಂಡತಿಗೆ ಹೊಡೆಯುವುದನ್ನು ಸಮರ್ಥಿಸಿದ ಜಡ್ಜಮ್ಮ ಎಂದು ಜನ ನಿಮ್ಮ ಮುಖಕ್ಕೆ ಉಗಿಯುವಂತೆ ಮಾಡಿದವಳೂ ನಾನೇ. ಕೈತಪ್ಪಿ ಆದದ್ದಲ್ಲ, ಹುಡುಗಾಟವೂ ಅಲ್ಲ— ಸೇಡು.

ಗೌರಿಬಿದನೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಅಪ್ಪನನ್ನು, ಪಹಣಿಯಲ್ಲಿ ಯಾರದೋ ಹೆಸರು ತಿದ್ದಿದ್ದಕ್ಕೆ ವಜಾ ಮಾಡಿದ್ದರು. ಹೈಕೋರ್ಟಿನಲ್ಲಿ ಪ್ರಕರಣ ನಿಮ್ಮ ಮುಂದೆ ಬಂತು. ನೀವು ಶಿಡ್ಲಘಟ್ಟದ ಕಡೆ ರೇಷ್ಮೆಹುಳು ಸಾಕುವ ಮನೆಯಲ್ಲಿ ಬೆಳೆದವರು, ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ವಕೀಲಿಕೆ ಶುರು ಮಾಡಿ ಆ ಪೀಠಕ್ಕೇರಿದವರು. "ನಮ್ ಕಡೆ ಹೆಣ್ಮಗಳು ಕಣಮ್ಮಾ," ಎಂದು ಅಪ್ಪ ಬೀಗಿದ್ದರು.

ನಿಮ್ಮದೊಂದು ಪದ್ಧತಿ— ಸೋಲಲಿರುವವರ ವಾದವನ್ನು ಅವರ ವಕೀಲರಿಗಿಂತ ಚೆನ್ನಾಗಿ ಮೊದಲು ನೀವೇ ಹೇಳುವುದು. ಅಪ್ಪನಿಗೆ ಅದೇನು ಗೊತ್ತು? ನಿಮ್ಮ ಮಾತು ಕೇಳುತ್ತಾ ನನ್ನ ಕೈ ಅದುಮಿ, "ಗೆದ್ವಿ ಕಣಮ್ಮಾ," ಎಂದು ನಗುತ್ತಾ ಪಿಸುಗುಟ್ಟಿದರು. ಮರುಕ್ಷಣವೇ ವಜಾ ಸರಿ ಎಂದಿರಿ. ಅಪ್ಪ ತಿದ್ದಿದ್ದು ನಿಜ, ನನಗೂ ಗೊತ್ತಿತ್ತು. ಆದರೆ ಅವರ ಮುಖದ ಮೇಲೆ ಆ ನಗು ಇನ್ನೂ ಹಾಗೇ ಇತ್ತಲ್ಲ— ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಾನು ಕಾನೂನು ಓದುವವಳು, ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಎದುರಾಳಿಯ ಯಾವ ಮಾತನ್ನು ಎತ್ತಿ ತೋರಿಸಿದರೆ ಅವರೇ ಬೀಳುತ್ತಾರೆಂದು ಚೆನ್ನಾಗಿ ಬಲ್ಲೆ. ನಿಮ್ಮ ಕಲಾಪದ ನೇರಪ್ರಸಾರ ನೋಡುತ್ತಾ ತಿಂಗಳುಗಟ್ಟಲೆ ಕಾದೆ. ಕೊನೆಗೆ ಸಿಕ್ಕಿತು. ಹೆಂಡತಿ ಕೊಟ್ಟ ದೂರನ್ನು ರದ್ದು ಮಾಡಿ ಎಂದು ಚಿಂತಾಮಣಿಯವನೊಬ್ಬ ಬಂದಿದ್ದ. ಅವನ ವಾದವನ್ನು ನೀವು ಹೇಳುತ್ತಿದ್ದಿರಿ: "ಸಂಸಾರ ಅಂದ್ಮೇಲೆ ಒಂದೇಟು ಬೀಳುತ್ತೆ. ಅಷ್ಟಕ್ಕೇ ಸ್ಟೇಷನ್ ಮೆಟ್ಟಿಲು ಹತ್ತಿದ್ರೆ ಮನೆ ಉಳಿಯುತ್ತಾ?" ಆಮೇಲೆ ಆ ವಾದವನ್ನು ಚಿಂದಿ ಮಾಡಿ ಅವನ ಅರ್ಜಿ ವಜಾ ಮಾಡಿದಿರಿ. ನಾನು ಹಿಂದಿನದನ್ನೂ ಮುಂದಿನದನ್ನೂ ಕತ್ತರಿಸಿ, ಹೆಸರಿಲ್ಲದ ಖಾತೆಯಿಂದ ಹರಿಬಿಟ್ಟೆ. ನಿಮಗೆ ಬಿದ್ದ ಬೈಗುಳಗಳನ್ನು ಓದುತ್ತಾ ಊಟ ಮಾಡಿದೆ. ರುಚಿಯಾಗಿತ್ತು— ಸುಳ್ಳೇಕೆ ಹೇಳಲಿ.

ಕೆಲವೇ ವಾರಗಳಲ್ಲಿ ದೊಡ್ಡಮ್ಮನ ಮಗಳು ಲಲಿತ, ನಗರಗೆರೆಯ ಗಂಡನ ಮನೆಯಿಂದ ತವರಿಗೆ ಓಡಿಬಂದಳು. ಕೆನ್ನೆ ಊದಿತ್ತು. ನಾನೂ ಅಲ್ಲೇ ಇದ್ದೆ. ದೊಡ್ಡಮ್ಮ ಮೊಬೈಲನ್ನು ಅವಳ ಮುಖಕ್ಕೆ ಹಿಡಿದರು.

"ನೋಡೇ, ಜಡ್ಜಮ್ಮನೇ ಹೇಳ್ತಾವ್ರೆ. ನೀನೇನ್ ಅವ್ರಿಗಿಂತ ತಿಳಿದೋಳಾ? ಸುಮ್ನೆ ಹೋಗಮ್ಮಾ."

ಲಲಿತ ನನ್ನ ಕಡೆ ತಿರುಗಿದಳು. "ಲಾ ಓದ್ತಿದ್ದೀಯಲ್ಲೇ, ನೀನ್ ಹೇಳು. ಹಂಗೇನಾ?"

ಒಂದು ವಾಕ್ಯ ಸಾಕಿತ್ತು. ಹೇಳಿದ್ದರೆ ನೀವು ಗೆದ್ದುಬಿಡುತ್ತಿದ್ದಿರಿ, ನಾನು—

"ವಿಡಿಯೊದಲ್ಲೇ ಇದೆಯಲ್ಲೇ," ಎಂದೆ.

ಅವಳು ವಾಪಸು ಹೋದಳು. ಈಗ ಅವಳ ಎಡಗಿವಿ ಕೇಳಿಸುವುದಿಲ್ಲ.

ನಿಮ್ಮ ಮೇಲಿನ ಸಿಟ್ಟು ಆರಿದೆ ಎಂದು ನಾಟಕ ಆಡಲಾರೆ. ಆದರೆ ಅವಳು ನನಗೇನು ಮಾಡಿದ್ದಳು? ನಾಳೆ ಪೂರ್ತಿ ವಿಡಿಯೊವನ್ನು ನನ್ನ ಹೆಸರಿನಲ್ಲೇ ಹಾಕುತ್ತೇನೆ. ನ್ಯಾಯಾಂಗ ನಿಂದನೆ ಎಂದು ಕರೆಸಿದರೆ ಬರುತ್ತೇನೆ. ಅದಕ್ಕೂ ಮೊದಲು ಲಲಿತಳ ಮುಂದೆ ಕೂತು, ಕತ್ತರಿಸಿದವಳು ನಾನೇ ಎನ್ನಬೇಕು. ಅವಳು ಏನು ಬೇಕಾದರೂ ಅನ್ನಲಿ— ಎದುರು ವಾದಿಸುವುದಿಲ್ಲ.